ಚರ್ಮದಡಿಯ ಸುರಂಗ ನೋಡಲು ಗ್ರನಾಡಾಕ್ಕೆ

ನ್ಯಾಮತಿ, ಜಗಳೂರು: ಹೊರಡುವ ಮುಂಚೆ

ನಾನು ವಿದೇಶಕ್ಕೆ ಹೊರಟಿದ್ದೇನೆ ಎಂದು ತಿಳಿದಾಗ ನ್ಯಾಮತಿಯ ನಮ್ಮ ಬೀದಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಹಜ್ಜಿಗೋ, ಉಮ್ರಾಕ್ಕೋ? ಎರಡೂ ಅಲ್ಲ, ಸ್ಪೇನ್ ದೇಶದ ಗ್ರನಾಡಾ ಎಂಬ ಊರಿಗೆ ಸ್ಕ್ಯಾನಿಂಗ್ ಕಲಿಯಲು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ತಾಯಿಗಂತೂ ಇದು ಒಗಟು. ನಾನು ಚನ್ನಗಿರಿಯಲ್ಲಿ ಚರ್ಮದ ಡಾಕ್ಟರು. ಕಜ್ಜಿ, ತುರಿ, ತೊನ್ನು ನೋಡುವವಳಿಗೆ ಬಸುರಿಯರ ಸ್ಕ್ಯಾನಿಂಗ್ ಯಾಕೆ ಎಂದು ಅವರು ಅಕ್ಕಿ ಆರಿಸುತ್ತಲೇ ಕೇಳಿದರು.

ಹೊಟ್ಟೆಯೊಳಗಿನ ಮಗುವನ್ನು ತೋರಿಸುವ ಶಬ್ದದ ಅಲೆಗಳನ್ನೇ ಇನ್ನಷ್ಟು ಸೂಕ್ಷ್ಮ ಮಾಡಿದರೆ ಚರ್ಮದ ಪದರಗಳೂ ಕಾಣುತ್ತವೆ, ಮೇಲಿಂದ ಒಂದು ಗುಳ್ಳೆಯಷ್ಟೇ ಕಾಣುವ ರೋಗ ಒಳಗೆ ಎಷ್ಟು ದೂರ ಹರಡಿದೆ ಎಂಬುದನ್ನು ಕುಯ್ಯದೆಯೇ ನೋಡಬಹುದು ಎಂದು ವಿವರಿಸಿದೆ. ಅಮ್ಮಿ ಮೊರ ಕೊಡವಿ, "ಹುಷಾರಾಗಿ ಹೋಗಿ ಬಾ" ಎಂದರು. ಅರ್ಥವಾಗದ್ದಕ್ಕೆಲ್ಲ ಅವರ ಆಶೀರ್ವಾದ ಅದೇ.

ನನ್ನ ತಲೆಯಲ್ಲಿದ್ದದ್ದು ರತ್ನಮ್ಮ. ವಾರಕ್ಕೊಮ್ಮೆ ನಾನು ಜಗಳೂರಿಗೆ ಹೋಗಿ ರೋಗಿಗಳನ್ನು ನೋಡುತ್ತೇನೆ. ಅಲ್ಲಿಗೆ ಬರುತ್ತಿದ್ದ ರತ್ನಮ್ಮ ಸೊಕ್ಕೆ ಹಳ್ಳಿಯವರು, ಬಸ್ ಕಂಡಕ್ಟರ್. ಡ್ರೈವರ್ ಆಗಿದ್ದ ಗಂಡ ತೀರಿಹೋದ ಮೇಲೆ ಅನುಕಂಪದ ಆಧಾರದಲ್ಲಿ ಇವರಿಗೆ ಈ ಕೆಲಸ ಸಿಕ್ಕಿತ್ತು. ಎರಡೂ ಕಂಕುಳಲ್ಲಿ ವರ್ಷಗಟ್ಟಲೆಯಿಂದ ಗಡ್ಡೆ ಏಳುವುದು, ಕೀವು ತುಂಬುವುದು, ಒಡೆಯುವುದು, ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಕುರು ಎಂದು ಹಲವರು ಹಲವು ಸಲ ಕುಯ್ದಿದ್ದರು. ತುಂಬಿದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯದೆ ಕಂಡಕ್ಟರ್ ನಿಲ್ಲುವುದು ಹೇಗೆ? ರತ್ನಮ್ಮ ಸೀಟಿನ ಮೂಲೆಗೆ ಸೊಂಟ ಆನಿಸಿ ಟಿಕೆಟ್ ಕೊಡುತ್ತಿದ್ದರು. ಕೈ ಎತ್ತಿದರೆ ನೋವು ಎಂಬುದು ಅರ್ಧ ಕಾರಣ. ಇನ್ನರ್ಧವನ್ನು ಅವರು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ನೆಲ ನೋಡುತ್ತಾ.

"ವಾಸನಿ ಬರ್ತೈತ್ರಿ ಮೇಡಂ. ದಿನಕ್ಕೆ ಎರಡು ಸಲ ಜಳಕ ಮಾಡ್ತೀನಿ. ಆದ್ರೂ ಜನ ಸರ್ಕೊಂಡು ಕುಂದರ್ತಾರೆ."

ಇದು ಕೊಳೆಯಿಂದ ಬರುವ ರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಕೂದಲಿನ ಬೇರುಗಳು ಒಳಗೇ ಕಟ್ಟಿಕೊಂಡು, ಉರಿದು, ಚರ್ಮದ ಕೆಳಗೆ ಒಂದಕ್ಕೊಂದು ದಾರಿ ಕೊರೆದುಕೊಳ್ಳುವ ಕಾಯಿಲೆ. ನಾನು ಹಾಗೆಂದು ಹೇಳಿದಾಗ ರತ್ನಮ್ಮ ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ನಾನು ಹೊರಡುವ ಹೊತ್ತಿಗೆ ಅವರಿಗೆ ದಾವಣಗೆರೆಯ ಒಬ್ಬ ಸರ್ಜನ್ ಬಳಿ ಬಲಗಂಕುಳಿನ ಗಡ್ಡೆ ತೆಗೆಸಲು ದಿನ ಗೊತ್ತಾಗಿತ್ತು. ಕಷ್ಟಪಟ್ಟು ರಜೆಯೂ ಸಿಕ್ಕಿತ್ತು.

ಗ್ರನಾಡಾ, ಪೆಟ್ಟಿಗೆಯಿಲ್ಲದ ದಿನ

ನಾನು ಗ್ರನಾಡಾ ತಲುಪಿದೆ, ನನ್ನ ಪೆಟ್ಟಿಗೆ ತಲುಪಲಿಲ್ಲ. ಸ್ವೆಟರು, ಕೋಟು, ಅಮ್ಮಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಎಲ್ಲ ಅದರಲ್ಲಿದ್ದವು. ಊರಿನ ಹಿಂದೆ ಹಿಮದ ಬೆಟ್ಟ. ಅಲ್ಲಿಂದ ಬೀಸುವ ಗಾಳಿ ನನ್ನ ಕಾಟನ್ ಚೂಡಿದಾರವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಊಟ ಮುಗಿಸಿ ಬಟ್ಟೆ ಕೊಳ್ಳಲು ಬೀದಿಗೆ ಇಳಿದರೆ ಒಂದು ಅಂಗಡಿಯೂ ತೆರೆದಿಲ್ಲ. ಬಾಗಿಲುಗಳೆಲ್ಲ ಎಳೆದಿವೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ನನಗೆ ಹೊಳೆದದ್ದು ಒಂದೇ: ಬಂದ್. ಯಾರು ಕರೆ ಕೊಟ್ಟಿದ್ದಾರೋ, ಕಲ್ಲು ತೂರುತ್ತಾರೋ ಎಂದು ಗೋಡೆ ಬದಿ ಹಿಡಿದು ಬೇಗ ಬೇಗ ಕೋಣೆಗೆ ವಾಪಸಾದೆ. ಬಾಡಿಗೆ ಮನೆಯ ಯಜಮಾನತಿ ನಕ್ಕು, ಎರಡೂ ಕೈ ಕೆನ್ನೆಗಿಟ್ಟು ಮಲಗುವ ಅಭಿನಯ ಮಾಡಿದಳು. ಮಧ್ಯಾಹ್ನ ಊರೇ ಮನೆಗೆ ಹೋಗಿ ಉಂಡು ಮಲಗುತ್ತದಂತೆ. ಚನ್ನಗಿರಿಯಲ್ಲಿ ಮಧ್ಯಾಹ್ನ ಒಂದು ಗಳಿಗೆ ಬಾಗಿಲು ಹಾಕಿದರೆ ಡಾಕ್ಟರಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ.

ಸಂಜೆ ಅಂಗಡಿ ತೆರೆದಾಗ ನನಗೆ ಸ್ಪ್ಯಾನಿಷ್ ಬಾರದು, ಅಂಗಡಿಯವಳಿಗೆ ಇಂಗ್ಲಿಷ್ ಬಾರದು. ಬೇಕಾದದ್ದನ್ನು ಬಟ್ಟೆ ಹಿಡಿದು ತೋರಿಸಿ, "ಕಮೀಜ್" ಎಂದುಬಿಟ್ಟೆ. ಆಕೆ ಮುಖ ಅರಳಿಸಿ, "ಕಮೀಸಾ!" ಎಂದಳು. ಅಂಗಿಗೆ ನಮ್ಮ ಮನೆಯ ಉರ್ದುವಿನಲ್ಲಿರುವ ಮಾತು ಇಷ್ಟು ದೂರ ನಮಗಿಂತ ಮುಂಚೆಯೇ ಬಂದು ಕೂತಿತ್ತು. ಅವಳು ಮಾತುಮಾತಿಗೆ "ಬಾಲೆ, ಬಾಲೆ" ಎನ್ನುತ್ತಿದ್ದಳು. ನಲವತ್ತರ ಹತ್ತಿರ ಬಂದ ನನ್ನನ್ನು ಯಾರಾದರೂ ಬಾಲೆ ಎಂದು ಕರೆದರೆ ಬೇಸರವೇನಿಲ್ಲ. ಅದು ಅವರ ಭಾಷೆಯಲ್ಲಿ "ಆಯಿತು, ಸರಿ" ಎಂದು ಮರುದಿನ ಗೊತ್ತಾಯಿತು.

ಕತ್ತಲು ಕೋಣೆ

ನನಗೆ ಕಲಿಸಿದವರು ಡಾಕ್ಟರ್ ಇನೆಸ್. ನರೆತ ಕೂದಲನ್ನು ಗಂಡುಮಕ್ಕಳಂತೆ ಕತ್ತರಿಸಿಕೊಂಡ, ಗಟ್ಟಿ ದನಿಯ, ಇಂಗ್ಲಿಷ್ ಬಲ್ಲ ಹೆಂಗಸು. ಮೊದಲ ಭೇಟಿಯಲ್ಲೇ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು. ನಾನು ಒಂದಕ್ಕೇ ಮುಗಿಯಿತೆಂದು ಮುಖ ತಿರುಗಿಸಿ ಅವರ ಕನ್ನಡಕಕ್ಕೆ ಮೂಗು ಹೊಡೆಸಿಕೊಂಡೆ.

ಸ್ಕ್ಯಾನಿಂಗ್ ಯಂತ್ರ ಅಲ್ಲಿ ಕಾರಿಡಾರಿನಲ್ಲಿ ಟೀ ಗಾಡಿಯ ಹಾಗೆ ನಿಂತಿತ್ತು. ಬೇಕಾದ ಡಾಕ್ಟರು ತಳ್ಳಿಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಆ ಯಂತ್ರ ಇಟ್ಟುಕೊಳ್ಳಲು ಸರ್ಕಾರದ ನೋಂದಣಿ ಬೇಕು, ಅದು ಕೋಣೆ ಬಿಟ್ಟು ಕದಲುವಂತಿಲ್ಲ, ಇಲ್ಲಿ ಗಂಡು ಹೆಣ್ಣು ಪತ್ತೆ ಮಾಡುವುದಿಲ್ಲ ಎಂಬ ಬೋರ್ಡು ಗೋಡೆಯ ಮೇಲೆ ಇರಲೇಬೇಕು ಎಂದು ಇನೆಸ್‌ಗೆ ಹೇಳಿದೆ. ಅವರಿಗೆ ಆ ಬೋರ್ಡು ಅರ್ಥವಾಗಲಿಲ್ಲ. ಹುಟ್ಟುವ ಮುಂಚೆ ಗೊತ್ತಾದರೆ ಏನಂತೆ ಎಂದು ಕೇಳಿದರು. ಉತ್ತರ ಹೇಳಿದೆ. ಅವರು, ಹಾಗಿದ್ದರೆ ಆ ಬೋರ್ಡು ಇರಲಿ ಎಂದರು.

ಮೊದಲ ಪಾಠ ನಮ್ಮ ನಮ್ಮ ಅಂಗೈಯನ್ನೇ ನೋಡುವುದು. ಹೊನ್ನಾಳಿಯಲ್ಲಿ ನನ್ನ ನಾದಿನಿಯ ಮದುವೆ ಮುಗಿಸಿ ಬಂದಿದ್ದೆನಾದ್ದರಿಂದ ಎರಡೂ ಕೈಗೆ ಮೆಹಂದಿಯಿತ್ತು. ಬೆಳಿಗ್ಗೆಯಿಂದ ಕಾಯುತ್ತಿದ್ದ ಒಬ್ಬ ಮುದುಕ ನನ್ನ ಕೈ ನೋಡಿ, ಪಾಪ, ಇವಳಿಗೇ ಏನೋ ಆಗಿದೆ ಎಂದು ನರ್ಸ್ ಬಳಿ ಮರುಗಿದನಂತೆ. ಪರದೆ ಚೆನ್ನಾಗಿ ಕಾಣಲೆಂದು ಕತ್ತಲು ಮಾಡಿದ ಕೋಣೆಯಲ್ಲಿ, ಅಂಗೈಗೆ ಲೋಳೆಸರದಂಥ ಜೆಲ್ ಸುರಿದು, ಯಂತ್ರಕ್ಕೆ ವೈರಿನಿಂದ ಜೋಡಿಸಿದ ಹಿಡಿಯನ್ನು, ಅಂದರೆ ಪ್ರೋಬ್ ಅನ್ನು, ಇಟ್ಟೆ. ಪರದೆಯ ಮೇಲೆ ಬಿಳಿ ಗೆರೆ, ಬೂದು ಪದರ, ಅದರ ಕೆಳಗೆ ಕಪ್ಪು. ಮೆಹಂದಿ ಎಲ್ಲೂ ಇಲ್ಲ. ಇನೆಸ್ ತಮ್ಮ ಬಿಳಿಚಿದ ಅಂಗೈಯನ್ನು ಪಕ್ಕದಲ್ಲಿಟ್ಟು ತೋರಿಸಿದರು. ಎರಡು ಚಿತ್ರಗಳಲ್ಲಿ ಯಾರ ಕೈ ಯಾವುದು ಎಂದು ಹೇಳುವುದು ಸಾಧ್ಯವಿರಲಿಲ್ಲ. ಜೀವನವಿಡೀ ಚರ್ಮದ ಬಣ್ಣ ನೋಡಿಯೇ ರೋಗ ಗುರುತಿಸಿದವಳು ನಾನು. ಬಣ್ಣವೇ ಕಾಣದ ಕಣ್ಣೊಂದು ಕೈಗೆ ಸಿಕ್ಕಿದ್ದು ವಿಚಿತ್ರ ಅನುಭವ.

ಪಿಲಾರ್

ಮೂರನೆಯ ಬೆಳಿಗ್ಗೆ ಬಂದವರು ಪಿಲಾರ್. ಹೋಟೆಲೊಂದರಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸ ಅವರದು. ರತ್ನಮ್ಮನ ರೋಗವೇ ಅವರಿಗೂ. ಎಡಗಂಕುಳಿಗೆ ಆಪರೇಷನ್ ಆಗಿ ಮಾಯ್ದಿತ್ತು, ಬಲಗಡೆಯದನ್ನು ನೋಡುವುದಿತ್ತು. ಒಬ್ಬರೇ ಬಂದಿದ್ದರು. ನಮ್ಮಲ್ಲಾದರೆ ಅತ್ತೆ, ಗಂಡ, ಪಕ್ಕದ ಮನೆಯಾಕೆ ಎಲ್ಲರೂ ಒಳಗೆ ಬಂದು ರೋಗಿಗಿಂತ ಮುಂಚೆ ತಾವೇ ಉತ್ತರ ಕೊಡುತ್ತಾರೆ. ಅದನ್ನು ನಾನು ಎಷ್ಟೋ ಸಲ ಬೈದುಕೊಂಡಿದ್ದೇನೆ. ಆದರೆ ಕತ್ತಲು ಕೋಣೆಯಲ್ಲಿ ಒಬ್ಬರೇ ಅಂಗಿ ಬಿಚ್ಚಿ ಮಲಗಿ ಚಾವಣಿ ನೋಡುತ್ತಿದ್ದ ಪಿಲಾರ್‌ಗೆ ಕೈ ಹಿಡಿಯುವವರು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಜೆಲ್ ಬಾಟಲಿಯನ್ನು ಇನೆಸ್ ಬಿಸಿನೀರಿನ ಬೋಗುಣಿಯಲ್ಲಿ ಇಟ್ಟಿದ್ದರು. ಉರಿಯುವ ಚರ್ಮಕ್ಕೆ ತಣ್ಣಗಿನದು ತಾಗಬಾರದಂತೆ. ಪ್ರೋಬ್ ನನ್ನ ಕೈಗೆ ಕೊಟ್ಟರು. ಗಡ್ಡೆ ಎಂದರೆ ಒತ್ತಿ ನೋಡುವುದು ನಮ್ಮ ಬೆರಳುಗಳ ಅಭ್ಯಾಸ, ಹಾಗೆಯೇ ಒತ್ತಿದೆ. ಪಿಲಾರ್ ಹಲ್ಲು ಕಚ್ಚಿದರು. ಇನೆಸ್ ನನ್ನ ಮಣಿಕಟ್ಟನ್ನು ಮೇಲೆತ್ತಿ, ಜೆಲ್ಲಿನ ಮೇಲೆ ತೇಲಿಸು, ಚರ್ಮಕ್ಕೆ ನಿನ್ನ ಭಾರ ಗೊತ್ತಾಗಬಾರದು ಎಂದರು. ಒತ್ತಿದರೆ ನೋವಷ್ಟೇ ಅಲ್ಲ, ರಕ್ತ ಹರಿಯುವ ನಾಳಗಳು ಮುಚ್ಚಿ ಉರಿ ಎಲ್ಲಿದೆ ಎಂಬುದೂ ಕಾಣದೆ ಹೋಗುತ್ತದೆ. ಕೈ ಸಡಿಲಿಸಿದೆ. ಪರದೆಯಲ್ಲಿ ರಕ್ತದ ಹರಿವು ಕೆಂಪು ನೀಲಿ ಚುಕ್ಕೆಗಳಾಗಿ ಮಿನುಗಿತು. ಅಲ್ಲಿ ರೋಗ ಇನ್ನೂ ಉರಿಯುತ್ತಿತ್ತು.

ಮೇಲೆ ಕಾಣುತ್ತಿದ್ದದ್ದು ಎರಡು ಸಣ್ಣ ಗಡ್ಡೆ. ಒಳಗೆ ಅವೆರಡನ್ನೂ ಸೇರಿಸುವ ಒಂದು ಕಪ್ಪು ದಾರಿ. ನಾನು ಪ್ರೋಬ್ ಸರಿಸುತ್ತಾ ಹೋದಂತೆ ದಾರಿಯೂ ಮುಂದೆ ಹೋಗುತ್ತಿತ್ತು, ತೋಳಿನ ಕಡೆಗೆ ತಿರುಗಿ, ಮೇಲೆ ಏನೂ ಇಲ್ಲದ ನುಣ್ಣನೆಯ ಚರ್ಮದ ಕೆಳಗೆ. ತ್ಯಾವಣಿಗೆ ಕಡೆಯ ಗದ್ದೆಗಳಲ್ಲಿ ಏಡಿ ಬದುವನ್ನು ಕೊರೆಯುವುದು ಹೀಗೆಯೇ. ನೀರು ಸೋರುವ ಕಡೆ ಮಣ್ಣು ಮೆತ್ತಿದರೆ ಮಾರು ದೂರದಲ್ಲಿ ಇನ್ನೊಂದು ಕಡೆ ನೀರು ಕಿತ್ತುಕೊಳ್ಳುತ್ತದೆ. ಇನೆಸ್ ಪೆನ್ನು ತೆಗೆದು ಆ ದಾರಿಯನ್ನು ಚರ್ಮದ ಮೇಲೆ ಗೆರೆಯಾಗಿ ಎಳೆಯುತ್ತಾ ಹೋದರು. ಸರ್ಜನ್ ಈ ಗೆರೆಯುದ್ದಕ್ಕೂ ದಾರಿಯನ್ನು ತೆರೆದರೆ ಮಾತ್ರ ರೋಗ ಮರಳುವುದು ತಪ್ಪುತ್ತದೆ, ಗಡ್ಡೆ ಒಂದನ್ನೇ ಕಿತ್ತರೆ ಮತ್ತೆ ಬರುತ್ತದೆ ಎಂದರು.

ಆಮೇಲೆ ಪರದೆಯನ್ನು ಪಿಲಾರ್ ಕಡೆಗೆ ತಿರುಗಿಸಿ ಒಂದೊಂದಾಗಿ ತೋರಿಸಿದರು. ಪಿಲಾರ್ ಬಹಳ ಹೊತ್ತು ನೋಡಿ ಏನೋ ಹೇಳಿದರು. ಇನೆಸ್ ನನಗೆ ಅನುವಾದಿಸಿದರು: "ಹಾಗಾದರೆ ಇದು ನಾನು ತೊಳೆಯಬಹುದಾದ ಜಾಗದಲ್ಲಿ ಇರಲೇ ಇಲ್ಲ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮರುದಿನವೇ ದಾವಣಗೆರೆಯಲ್ಲಿ ರತ್ನಮ್ಮನ ಆಪರೇಷನ್ ಇತ್ತು.

ಆಸ್ಪತ್ರೆಯ ಮೆಟ್ಟಿಲು

ಗ್ರನಾಡಾದಲ್ಲಿ ಮಧ್ಯಾಹ್ನ, ಜಗಳೂರಿನಲ್ಲಿ ಸಂಜೆ. ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಾ ಕೂತ ರೋಗಿಗಳ ನಡುವೆ ನಿಂತು ರತ್ನಮ್ಮನಿಗೆ ವೀಡಿಯೊ ಕಾಲ್ ಮಾಡಿದೆ. ಅವರು ಆಗಷ್ಟೇ ಡ್ಯೂಟಿ ಇಳಿದಿದ್ದರು. ಖಾಕಿ ಅಂಗಿಯಲ್ಲೇ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾಳೆಯ ಆಪರೇಷನ್ ಮುಂದೂಡಿ, ಮೊದಲು ಕಂಕುಳಿನ ಸ್ಕ್ಯಾನಿಂಗ್ ಆಗಲಿ, ದಾರಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿಕೊಂಡು ಕುಯ್ಯಲಿ ಎಂದೆ. ಅವರು ಒಪ್ಪಲಿಲ್ಲ. ರಜೆ ಸಿಕ್ಕಿದ್ದೇ ಪುಣ್ಯ, ಬಿಟ್ಟರೆ ಮತ್ತೆ ಯಾವಾಗಲೋ ಎಂದರು. ರಜೆಯ ಮಾತು ಮುಗಿದ ಮೇಲೆ ದನಿ ತಗ್ಗಿತು.

"ಮೇಡಂ, ನಾನು ಗಂಡ ಸತ್ತೋಳು. ಸ್ಕ್ಯಾನಿಂಗ್ ಸೆಂಟರಿನ ಮುಂದೆ ಕುಂತ್ರೆ ಜನ ಏನಂತಾರೆ ಹೇಳ್ರಿ. ನಮ್ಮ ಬಸ್ಸಿನಾಗೆ ಓಡಾಡೋರೇ ಅಲ್ಲೂ ಇರ್ತಾರೆ. ವಾಸನಿ ಐತಿ ಅಂದ್ರೆ ತಡ್ಕಂತೀನಿ. ಇದನ್ನ ಹೆಂಗೆ ತಡ್ಕಳ್ಳಲಿ?"

ಅಲೆ, ಪದರ, ಸುರಂಗ ಎಂದು ಕಲಿತದ್ದೆಲ್ಲ ಆ ಪ್ರಶ್ನೆಗೆ ಏನೂ ಅಲ್ಲ. ಆ ಹೊತ್ತಿಗೆ ಪಿಲಾರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದರು, ಹಿಂದೆ ಇನೆಸ್. ಊಟಕ್ಕೆ ಹೊರಟಿದ್ದವರು ನನ್ನ ಮುಖ ನೋಡಿ ನಿಂತರು. ರತ್ನಮ್ಮನನ್ನು ಕೇಳಿ ಒಪ್ಪಿಸಿಕೊಂಡು, ಊರಿನಲ್ಲಿ ಇದೇ ರೋಗದವರೊಬ್ಬರಿದ್ದಾರೆ, ಸ್ಕ್ಯಾನಿಂಗ್ ಎಂದರೆ ಹೆದರುತ್ತಿದ್ದಾರೆ ಎಂದಷ್ಟೇ ಇನೆಸ್‌ಗೆ ಹೇಳಿದೆ. ಇನೆಸ್ ಅದನ್ನು ಪಿಲಾರ್‌ಗೆ ತಿಳಿಸಿದರು. ಪಿಲಾರ್ ನನ್ನ ಫೋನಿಗಾಗಿ ಕೈ ಚಾಚಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು; ಇವರಿಗೂ ನಿಮ್ಮದೇ ರೋಗ, ಒಂದು ಕಡೆ ಆಪರೇಷನ್ ಆಗಿದೆ ಎಂದು ನಾನು ರತ್ನಮ್ಮನಿಗೆ ಹೇಳಿದೆ. ಆಮೇಲೆ ರತ್ನಮ್ಮ, ಆಕೆ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಹೇಳಿದೆ. ಹೋಟೆಲಿನ ಹಾಸಿಗೆ, ಪರದೆ, ಕಿಟಕಿ ಗಾಜು.

"ಕೈ ಎತ್ತಾಕೆ ಬರ್ತೈತೇನ್ರಿ ಆಕಿಗೆ?"

ಇನೆಸ್ ಮೂಲಕ ಪ್ರಶ್ನೆ ಪಿಲಾರ್ ಕಿವಿಗೆ ಮುಟ್ಟಿತು. ಅವರು ಫೋನನ್ನು ನನಗೆ ಕೊಟ್ಟು, ಕೋಟು ತೆಗೆದು ಇನೆಸ್ ಕೈಗಿಟ್ಟು, ಆ ಚಳಿಯಲ್ಲಿ, ಅಷ್ಟು ಜನರ ಮುಂದೆ, ಆಪರೇಷನ್ ಆಗಿದ್ದ ಎಡಗೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದರು. ಗಿಡ್ಡ ತೋಳಿನ ಅಂಗಿಯ ಅಂಚಿನಿಂದ ಉದ್ದನೆಯ ಬಿಳಿಯ ಗಾಯದ ಕಲೆ ಕಾಣುತ್ತಿತ್ತು. ಹಾಗೆಯೇ ಹಿಡಿದು ನಿಂತರು. ಮೆಟ್ಟಿಲ ಮೇಲಿದ್ದ ಒಬ್ಬಿಬ್ಬರು ತಿರುಗಿ ನೋಡಿದರು. ಪಿಲಾರ್ ಅವರ ಕಡೆ ನೋಡಲಿಲ್ಲ.

ರತ್ನಮ್ಮ ಸೆರಗಿಲ್ಲದ ಖಾಕಿ ಅಂಗಿಯ ತುದಿಯಿಂದಲೇ ಕಣ್ಣೊರೆಸಿಕೊಂಡರು. ಫೋನು ಇಡುವ ಮುಂಚೆ ಅವರು ಹೇಳಿದ್ದು ಇಷ್ಟೇ: "ನೀವು ಬರೋತನಕ ಇರ್ಲಿ ಬಿಡ್ರಿ. ನೀವೇ ನನ್ನ ಜತಿಗೆ ಬರ್ಬೇಕು ಮತ್ತೆ."

ಕಡೆಯ ದಿನಗಳು

ನನ್ನ ಪೆಟ್ಟಿಗೆ ಬಂದದ್ದು ನಾನು ಹೊರಡುವುದಕ್ಕೆ ಸ್ವಲ್ಪ ಮುಂಚೆ. ಚಟ್ನಿಪುಡಿಯ ಪೊಟ್ಟಣ ಒಡೆದು ಕೋಟಿನ ಜೇಬೆಲ್ಲ ಬೆಳ್ಳುಳ್ಳಿ ವಾಸನೆ. ಉಳಿದ ಪುಡಿಯನ್ನೇ ಇನೆಸ್ ಮನೆಯ ಊಟಕ್ಕೆ ಒಯ್ದೆ. ಅವರು ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದು ಅದರ ಮೇಲೆ ಉದುರಿಸಿ ತಿಂದು, ಇದು ಯಾವ ಕಾಯಿಲೆಗೆ ಮದ್ದು ಎಂದು ಕೇಳಿದರು. ಮನೆ ನೆನಪಾಗುವ ಕಾಯಿಲೆಗೆ ಎಂದೆ.

ಎಲ್ಲರೂ ಹೇಳಿದರೆಂದು ಬೆಟ್ಟದ ಮೇಲಿನ ಸುಲ್ತಾನರ ಅರಮನೆಗೂ ಹೋಗಿ ಬಂದೆ. ಗೋಡೆಯ ಮೇಲಿನ ಅರಬ್ಬಿ ಅಕ್ಷರಗಳಲ್ಲಿ ದೇವರ ಹೆಸರನ್ನಷ್ಟೇ ಓದಲು ಬಂತು. ಆದರೆ ಆ ದಿನ ನನ್ನ ಗಮನವೆಲ್ಲ ಜೊತೆಯಲ್ಲಿ ನಡೆಯುತ್ತಿದ್ದ ಪ್ರವಾಸಿಗರ ಮೇಲೆಯೇ ಇತ್ತು. ಕ್ಯಾಮೆರಾ ಎತ್ತುವವರು, ಮಗುವನ್ನು ಹೆಗಲಿಗೇರಿಸುವವರು, ದೂರದ ಗೋಪುರ ತೋರಿಸುವವರು. ಕೈಯನ್ನು ಅಷ್ಟು ಸಲೀಸಾಗಿ ಮೇಲೆತ್ತುವುದು ದೊಡ್ಡ ಭಾಗ್ಯ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ದಾವಣಗೆರೆ, ಜಗಳೂರು: ಬಂದ ಮೇಲೆ

ಊರಿಗೆ ಬಂದು ದಾವಣಗೆರೆಯ ಒಬ್ಬ ಹಿರಿಯ ಸ್ಕ್ಯಾನಿಂಗ್ ಡಾಕ್ಟರರನ್ನು ಕಂಡೆ. ಥೈರಾಯ್ಡ್ ನೋಡುವ ಸೂಕ್ಷ್ಮ ಪ್ರೋಬ್ ಅವರಲ್ಲಿತ್ತು. ಕಂಕುಳನ್ನು ಹೀಗೆ ನೋಡಿದವರಲ್ಲ ಅವರು. ನಾನು ತಂದ ಚಿತ್ರಗಳನ್ನು ತಿರುವಿ ಹಾಕಿ, ಮುಂದಿನ ವಾರ ಕರೆದುಕೊಂಡು ಬನ್ನಿ, ಇಬ್ಬರೂ ಕೂತು ನೋಡೋಣ ಎಂದರು.

ರತ್ನಮ್ಮ ಅಂದು ಸೀರೆಯುಟ್ಟು, ತಲೆ ತುಂಬ ಸೆರಗು ಹೊದ್ದು ಬಂದರು. ಹೊರಗಿನ ಬೆಂಚಿನ ಮೇಲೆ ಬಸುರಿಯರ ಸಾಲು. ನಾನು ಅವರ ಪಕ್ಕದಲ್ಲೇ ಕೂತೆ. ಎದುರಿಗಿದ್ದ ಹೆಂಗಸೊಬ್ಬಳು ಗುರುತು ಹಿಡಿದು, ಏನಕ್ಕಾ ಇಲ್ಲಿ ಎಂದೇ ಬಿಟ್ಟಳು. ರತ್ನಮ್ಮ ನನ್ನ ಮೊಣಕೈ ಹಿಡಿದರು. ಒಳಗೆ ಕರೆಯುವವರೆಗೂ ಬಿಡಲಿಲ್ಲ.

ಒಳಗೆ ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಿಸಿದೆ. ಡಾಕ್ಟರು ಪ್ರೋಬ್ ತೇಲಿಸಿದರು. ಬಲಗಂಕುಳಿನ ದಾರಿ ಗಡ್ಡೆಯಿಂದ ಶುರುವಾಗಿ ಎದೆಯ ಬದಿಗೆ ಇಳಿದು ಕವಲೊಡೆದಿತ್ತು. ಗಡ್ಡೆಯೊಂದನ್ನೇ ತೆಗೆದಿದ್ದರೆ ಕವಲು ಒಳಗೇ ಉಳಿಯುತ್ತಿತ್ತು. ಎಡಗಡೆ ಉರಿ ಹೆಚ್ಚಿತ್ತು, ದಾರಿ ಇನ್ನೂ ಆಗಿರಲಿಲ್ಲ. ಅಲ್ಲಿಗೆ ಚಾಕು ಬೇಡ, ಔಷಧಿ ಸಾಕು. ಡಾಕ್ಟರು ಪರದೆ ತಿರುಗಿಸಿದರು. ರತ್ನಮ್ಮ ಬೆರಳಿನಿಂದ ಆ ಕಪ್ಪು ಗೆರೆಯನ್ನು ಹಿಂಬಾಲಿಸಿದರು.

"ಇಷ್ಟು ಒಳಗೆ ಐತೇನ್ರಿ ಇದು? ನಾನು ಮೇಲೆ ಮೇಲೆ ತಿಕ್ಕತಿದ್ದೆ, ಚರ್ಮ ಕಿತ್ತು ಬರೋ ಹಂಗೆ."

ಕೆಲವು ವಾರ ಔಷಧಿ ಕೊಟ್ಟು ಉರಿ ತಣಿಸಿ, ಮತ್ತೆ ನೋಡಿ, ಚರ್ಮದ ಮೇಲೆ ಗೆರೆ ಎಳೆದು ಸರ್ಜನ್‌ಗೆ ಒಪ್ಪಿಸಿದೆವು. ಅವರು ಆ ಗೆರೆಯುದ್ದಕ್ಕೂ ತೆರೆದರು. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಂದು ಬಿಟ್ಟುಕೊಟ್ಟ ರಜೆ ಮತ್ತೆ ಸಿಗದೆ ಸಂಬಳವೂ ಒಂದಿಷ್ಟು ಕಡಿತವಾಯಿತು. ಬಲಗಡೆ ಈಗ ಚೆನ್ನಾಗಿದೆ. ಎಡಗಡೆ ಆಗಾಗ ಕೆರಳುತ್ತದೆ, ಔಷಧಿ ನಡೆದಿದೆ. ಪೂರ್ತಿ ಗುಣವಾಯಿತೆಂದು ನಾನು ಬರೆಯಲಾರೆ, ರತ್ನಮ್ಮನೂ ಹೇಳುವುದಿಲ್ಲ.

ಇತ್ತೀಚೆಗೆ ಇದೇ ಕಾಯಿಲೆಯ ಇನ್ನೊಬ್ಬಾಕೆ ಜಗಳೂರಿನ ನನ್ನ ಕೋಣೆಗೆ ಬಂದಳು. ಮದುವೆಯಾಗದ ಹುಡುಗಿ, ಬಟ್ಟೆ ಹೊಲಿಯುವವಳು, ಹೆಸರು ಶಬೀನಾ. ಸ್ಕ್ಯಾನಿಂಗ್ ಎಂದೊಡನೆ ಅವಳ ತಾಯಿ ಎದ್ದು ನಿಂತರು. ನಾನು ರತ್ನಮ್ಮನಿಗೆ ಫೋನ್ ಮಾಡಿದೆ.

ಶಬೀನಾಳ ಸ್ಕ್ಯಾನಿಂಗಿಗೆ ಗೊತ್ತುಮಾಡಿದ ದಿನ ನಾನು ದಾವಣಗೆರೆ ತಲುಪುವಾಗ ತಡವಾಗಿತ್ತು. ಸ್ಕ್ಯಾನಿಂಗ್ ಸೆಂಟರಿನ ಹೊರಗಿನ ಬೆಂಚು ತುಂಬಿತ್ತು. ನಡುವೆ ರತ್ನಮ್ಮ, ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದವರು, ಒಂದು ಕಡೆ ಶಬೀನಾಳನ್ನೂ ಇನ್ನೊಂದು ಕಡೆ ಅವಳ ತಾಯಿಯನ್ನೂ ಕೂರಿಸಿಕೊಂಡಿದ್ದರು. ಎದುರಿನ ಸಾಲಿನ ಮುದುಕಿಯೊಬ್ಬಳು ಶಬೀನಾಳನ್ನು ಮೇಲಿಂದ ಕೆಳಗೆ ನೋಡಿ, ಎಷ್ಟು ತಿಂಗಳು ಎಂದು ಕೇಳಿದಳು. ಹುಡುಗಿ ತಲೆ ತಗ್ಗಿಸಿದಳು. ರತ್ನಮ್ಮ ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೂ ಕೇಳುವಂತೆ ಊರ ಹೆಸರು ಕೂಗುವ ಆ ದನಿಯಲ್ಲಿ ಹೇಳಿದರು:

"ಹೊಟ್ಟಿದಲ್ಲ ಬೇ ಅಜ್ಜಿ, ಕಂಕುಳದ್ದು. ನನಗೂ ಐತಿ. ಬಾ, ತೋರಿಸ್ತೀನಿ."

ಮುದುಕಿ ತನ್ನ ಚೀಲ ಎತ್ತಿಕೊಂಡು ಸಾಲು ದಾಟಿ ಬಂದು, ರತ್ನಮ್ಮನ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಕೂತಳು. ತನ್ನ ಸೊಸೆಗೂ ಹೀಗೇ ಆಗುತ್ತದೆ, ಯಾರಿಗೂ ಹೇಳಿಲ್ಲ ಎಂದು ಮೆಲ್ಲಗೆ ಶುರುಮಾಡಿದಳು.